ಪಾಟೀಸವಾಲು ಮಾಡಬಲ್ಲ ವಕೀಲರು ಎಲ್ಲಿದ್ದಾರೆ?

ಜಿಲ್ಲಾ ಕೋರ್ಟಿನ ಆವರಣದಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಂತು ನೋಡಿದವರಿಗೆ ವಕೀಲರ ಕೊರತೆ ಎಂಬ ಮಾತು ಹೇಳಿದರೆ ನಕ್ಕುಬಿಟ್ಟಾರು. ಮರದ ನೆರಳಲ್ಲಿ, ಟೈಪಿನವನ ಮೇಜಿನ ಪಕ್ಕದಲ್ಲಿ, ಕಾಫಿ ಅಂಗಡಿಯ ಬಾಗಿಲಲ್ಲಿ, ಎಲ್ಲೆಲ್ಲೂ ಕರಿಕೋಟು. ನಿಜ, ಸನ್ನದು ಪಡೆದವರಿಗೆ ಕೊರತೆಯಿಲ್ಲ. ಆದರೆ ಕಟಕಟೆ ಹತ್ತಿದ ಸಾಕ್ಷಿಗೆ ನಾಲ್ಕು ಪ್ರಶ್ನೆ ಹಾಕಿ, ಅವನು ಕಟ್ಟಿಕೊಂಡು ಬಂದ ಕಥೆಯನ್ನು ಅವನ ಬಾಯಿಂದಲೇ ಬಿಚ್ಚಿಸಬಲ್ಲವರು ಎಷ್ಟು ಮಂದಿ? ಅಂಥ ಐದಾರು ಜನರ ಹೆಸರು ಊರಿಗೆಲ್ಲ ಗೊತ್ತು. ಅವರ ಫೀಸೂ ಗೊತ್ತು.

ಇದು ವಕೀಲರ ಮನೆಯ ಮಾತು, ನಮಗೇಕೆ ಎಂದು ಗಿರಣಿಯ ಸಂಗಾತಿಗಳು ಕೇಳಬಹುದು. ಮುಷ್ಕರದ ದಿನ ಗೇಟಿನ ಮುಂದೆ ನಿಂತವರ ಮೇಲೆ ಗಲಭೆಯ ಆಪಾದನೆ ಹೊರಿಸಿದಾಗ ಅದು ನಮ್ಮ ಮನೆಯ ಮಾತೇ ಆಗುತ್ತದೆ. ಕೆಳಗಿನ ಕೋರ್ಟಿನಲ್ಲಿ ಏನಾದರೂ ಆಗಲಿ, ಮೇಲೆ ಹೈಕೋರ್ಟಿದೆಯಲ್ಲ ಎಂಬ ಧೈರ್ಯ ನಮ್ಮಲ್ಲಿ ಅನೇಕರಿಗುಂಟು. ಅದು ಪೊಳ್ಳು ಧೈರ್ಯ. ಸಾಕ್ಷಿ ಕಟಕಟೆ ಹತ್ತುವುದು ಸಾಮಾನ್ಯವಾಗಿ ಒಂದೇ ಸಲ, ಅದೂ ಕೆಳಗಿನ ಕೋರ್ಟಿನಲ್ಲಿ. ಮೇಲಿನವರು ನೋಡುವುದು ಅಂದು ಬರೆದುಕೊಂಡ ಕಾಗದವನ್ನು. "ಆ ಹೊತ್ತಿನಲ್ಲಿ ನೀನು ಅಲ್ಲಿದ್ದೆಯಾ? ಪೊಲೀಸರ ಮುಂದೆ ಈ ಮಾತು ಹೇಳಿದ್ದೆಯಾ?" ಎಂದು ಅಂದೇ ಕೇಳದಿದ್ದರೆ ಕಾಗದದಲ್ಲಿ ಅದು ಇರುವುದಿಲ್ಲ. ಪಾಟೀಸವಾಲಿನಲ್ಲಿ ಪ್ರಶ್ನಿಸದೆ ಬಿಟ್ಟ ಮಾತನ್ನು ಒಪ್ಪಿಕೊಂಡಂತೆಯೇ ಎಂದು ಕೋರ್ಟುಗಳು ಸಾಮಾನ್ಯವಾಗಿ ಎಣಿಸುತ್ತವೆ. ಆಮೇಲೆ ದೆಹಲಿಯಿಂದ ದೊಡ್ಡ ವಕೀಲರನ್ನೇ ಕರೆತಂದರೂ, ಕೇಳದ ಪ್ರಶ್ನೆಗೆ ಅವರು ಎಲ್ಲಿಂದ ಉತ್ತರ ತಂದಾರು?

ವರ್ತಕ ಬಂಧುಗಳಿಗೆ ಚೆಕ್ಕಿನ ಮೊಕದ್ದಮೆಯ ರುಚಿ ಗೊತ್ತು. 1989ರಿಂದ, ಸಾಲ ತೀರಿಸಲೆಂದು ಕೊಟ್ಟ ಚೆಕ್ಕು ಹಣವಿಲ್ಲದೆ ವಾಪಸಾಗಿ, ನೋಟೀಸು ಬಂದ ಮೇಲೂ ಹಣ ಕಟ್ಟದಿದ್ದರೆ ಅದು ಅಪರಾಧ. ಸಹಿ ನಿಮ್ಮದೆಂದಾದರೆ ಸಾಲ ಇದ್ದೇ ಇತ್ತೆಂದು ಕೋರ್ಟು ಭಾವಿಸಿ ಹೊರಡುತ್ತದೆ. ಇರಲಿಲ್ಲವೆಂದು ತೋರಿಸುವ ಹೊರೆ ನಿಮ್ಮದು. ನಮ್ಮ ರಾಜ್ಯದಿಂದಲೇ ಹೋದ ಇಂಥ ಒಂದು ಮೊಕದ್ದಮೆಯಲ್ಲಿ ಆರು ಲಕ್ಷ ರೂಪಾಯಿ ಸಾಲ ಕೊಟ್ಟೆನೆಂದು ಫಿರ್ಯಾದಿ ಹೇಳಿದ. ಅಷ್ಟು ಹಣ ಅವನಲ್ಲಿ ಎಲ್ಲಿತ್ತು, ಅದೇ ಕಾಲದಲ್ಲಿ ಬೇರೆ ಯಾರಿಗೆ ಎಷ್ಟು ಕೊಟ್ಟಿದ್ದ ಎಂಬುದೆಲ್ಲ ಪಾಟೀಸವಾಲಿನಲ್ಲಿ ಹೊರಬಿತ್ತು. ಕೆಳಗಿನ ಕೋರ್ಟು ಆಪಾದಿತನನ್ನು ಬಿಟ್ಟಿತು. ಹೈಕೋರ್ಟು ಶಿಕ್ಷಿಸಿತು. 2019ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಡುಗಡೆ ಮಾಡಿದ್ದು ಆ ಹಳೆಯ ಪ್ರಶ್ನೋತ್ತರಗಳನ್ನು ಹಿಡಿದುಕೊಂಡೇ. ಅಂದು ಕೆಳಗೆ ಆ ಪ್ರಶ್ನೆಗಳನ್ನು ಕೇಳುವವರೇ ಇರದಿದ್ದರೆ?

ಈ ವಿದ್ಯೆ ಪುಸ್ತಕದಿಂದ ಬರುವುದಿಲ್ಲ. ನಾನು ಕಾನೂನು ಓದಿದವನಲ್ಲ, ಮೆಟ್ರಿಕ್ ಮುಗಿಸಿ ಮಕ್ಕಳಿಗೆ ಪಾಠ ಹೇಳಿದವನು. ಆದರೂ ಇಷ್ಟು ಬಲ್ಲೆ. ಹಿರಿಯ ಮೇಷ್ಟ್ರ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಕೂತು ನೋಡದೆ, ಅವರ ಮುಂದೆ ತಾನೇ ನಿಂತು ತಡವರಿಸದೆ ಯಾರೂ ಮೇಷ್ಟ್ರಾಗುವುದಿಲ್ಲ. ವಕೀಲನೂ ಹಾಗೆಯೇ. ಯಾವ ಪ್ರಶ್ನೆ ಕೇಳಬೇಕೆನ್ನುವುದಕ್ಕಿಂತ ಯಾವುದನ್ನು ಕೇಳಬಾರದು ಎಂಬುದನ್ನು ಕಲಿಯಲು ಹೆಚ್ಚು ಕಾಲ ಹಿಡಿಯುತ್ತದಂತೆ.

ವಿಚಾರಣೆ ನಡೆದರಲ್ಲವೆ ವಿಚಾರಣೆಯ ವಕೀಲ ಹುಟ್ಟುವುದು? ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ 1962ರಲ್ಲಿ ಮುಗಿದ ನೂರು ಸಿವಿಲ್ ದಾವೆಗಳಲ್ಲಿ ಹನ್ನೊಂದಕ್ಕಿಂತ ಹೆಚ್ಚು ಪೂರ್ಣ ವಿಚಾರಣೆಗೆ ಬಂದಿದ್ದವು. 2002ಕ್ಕೆ ಆ ಲೆಕ್ಕ ನೂರಕ್ಕೆ ಎರಡಕ್ಕೂ ಕೆಳಗಿಳಿಯಿತು. ಉಳಿದವು ರಾಜಿಯಾಗಿಯೋ ವಜಾ ಆಗಿಯೋ ಮುಗಿದವು. ಅಲ್ಲಿ ಕಲಿಯಲು ವಿಚಾರಣೆಯೇ ಇಲ್ಲ. ನಮ್ಮದು ತಿರುವುಮುರುವಾದ ಕಥೆ: ಮೊಕದ್ದಮೆಗಳು ಬೆಟ್ಟದಷ್ಟಿವೆ, ಆದರೆ ವಾಯಿದೆಯ ಮೇಲೆ ವಾಯಿದೆ ಬಿದ್ದು ಸಾಕ್ಷಿ ಕಟಕಟೆ ಹತ್ತುವುದೇ ಅಪರೂಪ. ಹಿರಿಯರು ಬೇರೆ ಕೋರ್ಟಿನಲ್ಲಿದ್ದಾರೆ ಎಂದು ಹೇಳಿ ದಿನ ಮುಂದಕ್ಕೆ ಹಾಕಿಸುವುದೇ ಕಿರಿಯನ ಕೆಲಸ. ಐದು ವರ್ಷದಲ್ಲಿ ಅವನು ಚೆನ್ನಾಗಿ ಕಲಿಯುವುದು ವಾಯಿದೆ ಕೇಳುವುದನ್ನು.

ಅದೂ ಐದು ವರ್ಷ ನಿಂತರೆ! ಹಿರಿಯರ ಕಚೇರಿಗೆ ಸೇರಿದ ಹುಡುಗನಿಗೆ ಮೊದಮೊದಲು ಬಸ್ಸಿನ ಖರ್ಚು ಸಿಕ್ಕರೆ ಪುಣ್ಯ. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು, ಕಿರಿಯರಿಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಬೇಕೆಂದು ಸುತ್ತೋಲೆ ಹೊರಡಿಸಿತು. ಅದು ಸಲಹೆ, ಕಟ್ಟಳೆಯಲ್ಲ. ತಂದೆ ವಕೀಲ, ಊರಲ್ಲಿ ಸ್ವಂತ ಮನೆ ಎಂಬಂಥವರ ಮಕ್ಕಳು ಹೇಗೋ ನಿಲ್ಲುತ್ತಾರೆ. ನೂಲುವ ಖಾತೆಯಲ್ಲಿ ದುಡಿಯುವವನ ಮಗ ಎರಡು ವರ್ಷ ನೋಡಿ, ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ಕರಾರುಪತ್ರ ಓದುವ ಕೆಲಸ ಹಿಡಿಯುತ್ತಾನೆ. ಅವನನ್ನು ದೂರುವುದು ಅನ್ಯಾಯ.

ಈಗ ನೇಮಕದ ಕಡೆ ನೋಡಿ. ಬಡ ಆಪಾದಿತರಿಗಾಗಿ ಪೂರ್ಣಕಾಲದ ವಕೀಲರನ್ನು ಇಡುವ ಯೋಜನೆಯನ್ನು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2022ರಲ್ಲಿ ತಂದಿತು. ಒಳ್ಳೆಯ ಯೋಜನೆಯೇ. ಜಿಲ್ಲೆಯ ಮುಖ್ಯಸ್ಥನಾಗುವವನಿಗೆ ಹತ್ತು ವರ್ಷದ ಕ್ರಿಮಿನಲ್ ವಕೀಲಿಕೆ ಇರಬೇಕು, ಸೆಷನ್ಸ್ ಕೋರ್ಟಿನಲ್ಲಿ ಕನಿಷ್ಠ 30 ವಿಚಾರಣೆ ನಡೆಸಿರಬೇಕು ಎಂದು ನಿಯಮ. ನಿಯಮ ಸರಿ. ಆದರೆ ಮೂವತ್ತು ಸೆಷನ್ಸ್ ವಿಚಾರಣೆ ನಡೆಸಿ ಹೆಸರು ಮಾಡಿದವನು, ಸ್ವಂತ ವಕೀಲಿಕೆಯನ್ನೆಲ್ಲ ಬಿಟ್ಟು ಒಪ್ಪಂದದ ಕೆಲಸಕ್ಕೆ ಏಕೆ ಬಂದಾನು? ಉಪಮುಖ್ಯಸ್ಥನಿಗೆ ಏಳು ವರ್ಷ ಬೇಕು, ಸಹಾಯಕನಾಗುವವನಿಗೆ ಮೂರು ವರ್ಷದವರೆಗಿನ ಅನುಭವ ಸಾಕು. ಮೂರಕ್ಕೂ ಏಳಕ್ಕೂ ನಡುವೆ ಕೈ ಪಳಗಿಸಿಕೊಳ್ಳುತ್ತಿರುವವನಿಗೆ ಈ ಏಣಿಯಲ್ಲಿ ಮೆಟ್ಟಿಲೇ ಇಲ್ಲ!

ನ್ಯಾಯಾಧೀಶರ ನೇಮಕದಲ್ಲೂ ಇದೇ ತೊಡಕು. ಮೂರು ವರ್ಷ ವಕೀಲಿಕೆ ಮಾಡಿರಬೇಕೆಂದು 1993ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜಗನ್ನಾಥ ಶೆಟ್ಟಿ ಆಯೋಗದ ಶಿಫಾರಸಿನ ಮೇಲೆ 2002ರಲ್ಲಿ ಕೈಬಿಟ್ಟಿತು. 2025ರ ಮೇ 20ರಂದು ಮತ್ತೆ ವಿಧಿಸಿತು. ಸಾಕ್ಷಿಯ ಮುಂದೆ ಎಂದೂ ನಿಲ್ಲದವನು ಸಾಕ್ಷಿಯನ್ನು ಹೇಗೆ ತೂಗಿಯಾನು ಎಂಬುದು ಸರಿಯಾದ ಪ್ರಶ್ನೆ. ಆದರೆ ಆ ಮೂರು ವರ್ಷ ಅವನ ಮನೆಯ ಒಲೆ ಹೊತ್ತಿಸುವವರಾರು? ಅನುಭವ ಬೇಕೆಂದು ಎಲ್ಲರೂ ಕೇಳುತ್ತಾರೆ, ಅನುಭವ ಗಳಿಸುವ ಕಾಲಕ್ಕೆ ಕೂಲಿ ಕೊಡುವವರಿಲ್ಲ. ಗಿರಣಿಯಲ್ಲಿ ಹೊಸಬನನ್ನು ಮಗ್ಗದ ಮುಂದೆ ನಿಲ್ಲಿಸಿ ನಾಲ್ಕು ವರ್ಷ ಬಿಟ್ಟಿ ದುಡಿ ಎಂದರೆ ನಾವು ಸುಮ್ಮನಿರುತ್ತೇವೆಯೆ?

ಆಂಧ್ರದಲ್ಲಿ 2019ರಲ್ಲಿ ಸರ್ಕಾರ ಕಿರಿಯ ವಕೀಲರಿಗೆ ತಿಂಗಳಿಗೆ 5,000 ರೂಪಾಯಿ ಕೊಡುವ ಯೋಜನೆ ತಂದಿತ್ತು. ಸಾಲದ ಮೊತ್ತ, ಆದರೆ ದಾರಿ ಅದು. ನಮ್ಮ ಶಾಸಕರು ಮತ ಕೇಳಲು ಬಂದಾಗ, ಹಿರಿಯರ ಕೈಕೆಳಗೆ ವಿಚಾರಣೆ ಕಲಿಯುವ ಹುಡುಗ ಹುಡುಗಿಯರಿಗೆ ಬದುಕುವಷ್ಟು ಭತ್ಯೆ ಕೊಡಿಸುತ್ತೀರಾ ಎಂದು ಕೇಳಬೇಕು. ಅಲ್ಲಿಯವರೆಗೆ ಸಂಘಗಳೇ ಏಕೆ ಕೈಹಾಕಬಾರದು? ಐನೂರು ಸದಸ್ಯರು ತಿಂಗಳಿಗೆ ಮೂವತ್ತು ರೂಪಾಯಿ ತೆತ್ತರೆ ಹದಿನೈದು ಸಾವಿರವಾಯಿತು. ಗಿರಣಿಯ ಸಂಘ, ವರ್ತಕರ ಸಂಘ ಕೂಡಿ ನಮ್ಮವರ ಮಕ್ಕಳಲ್ಲೊಬ್ಬರನ್ನು ಒಳ್ಳೆಯ ಹಿರಿಯರ ಬಳಿ ನಿಲ್ಲಿಸಬಹುದು.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಲ್ಲಿ ಕೈಗಾರಿಕಾ ಕೆಲಸಗಾರನ ಹೆಸರು ಸ್ಪಷ್ಟವಾಗಿ ಇದೆ. ಸಂಬಳ ಎಷ್ಟೇ ಇರಲಿ, ಅವನು ಉಚಿತ ವಕೀಲರನ್ನು ಕೇಳಬಹುದು. ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಸೆರೆಯಲ್ಲಿರುವವರಿಗೂ ಹಾಗೆಯೇ. ಅರ್ಜಿಯನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಕೊಡಬೇಕು. ಹಣ ಕೊಟ್ಟು ವಕೀಲರನ್ನು ಹಿಡಿಯುವವರು ವಕಾಲತ್ತಿಗೆ ಸಹಿ ಹಾಕುವ ಮೊದಲೇ ಕೇಳಿಬಿಡಿ: ಸಾಕ್ಷಿ ಕಟಕಟೆ ಹತ್ತುವ ದಿನ ನೀವೇ ಬರುತ್ತೀರಾ, ಇಲ್ಲ ವಾಯಿದೆ ಕೇಳಲು ಹುಡುಗನನ್ನು ಕಳಿಸುತ್ತೀರಾ?