ಊರೊಟ್ಟಿನ ಪುಸ್ತಕಭಂಡಾರ

ಕಳೆದ ಸಂಚಿಕೆಯಲ್ಲಿ ಮನೆಯೊಳಗಿನ ಪುಸ್ತಕಗಳನ್ನು ಗೆದ್ದಲಿನಿಂದಲೂ ತೇವದಿಂದಲೂ ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆದಿದ್ದೆವು. ಈ ತಿಂಗಳು ಹೊಸಿಲನ್ನು ದಾಟಿ, ಊರಿನ ಪುಸ್ತಕಗಳ ವಿಚಾರವನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಪುಸ್ತಕಭಂಡಾರವೆಂಬುದು ನಮ್ಮ ದೇಶಕ್ಕೆ ಹೊಸದಲ್ಲ. ಮಠಗಳಲ್ಲಿಯೂ ಬಸದಿಗಳಲ್ಲಿಯೂ ಅರಮನೆಗಳಲ್ಲಿಯೂ ಓಲೆಯ ಕಟ್ಟುಗಳು ಶತಮಾನಗಳಿಂದ ಸಂಗ್ರಹವಾಗಿ ಬಂದಿವೆ. ಮೂಡಬಿದಿರೆಯಲ್ಲಿ ಧವಳವೇ ಮೊದಲಾದ ಜೈನಸಿದ್ಧಾಂತ ಗ್ರಂಥಗಳು ಉಳಿದು ಬಂದುದು ಇಂತಹ ಭಂಡಾರದ ಪುಣ್ಯದಿಂದಲೇ. ಆದರೆ ಅವು ಅಧಿಕಾರಿಗಳಾದ ಪಂಡಿತರಿಗೂ ಶಿಷ್ಯರಿಗೂ ಮೀಸಲಾದ ನಿಧಿಗಳು. ದಾರಿಯಲ್ಲಿ ಹೋಗುತ್ತಿರುವ ಕೂಲಿಯವನೊಬ್ಬನು ಒಳಗೆ ಬಂದು, ಯಾರ ದಾಕ್ಷಿಣ್ಯವೂ ಇಲ್ಲದೆ, ಕಾಸು ಕೊಡದೆ, ಪುಸ್ತಕವನ್ನು ಕೇಳಿ ಪಡೆಯಬಲ್ಲನೆಂದರೆ, ಆ ಹಕ್ಕು ಅವನಿಗೆ ಎಲ್ಲಿಂದ ಬಂದಿತು? ರಾಜನ ಕೃಪೆಯಿಂದಲೋ, ಧನಿಕನ ಔದಾರ್ಯದಿಂದಲೋ, ಮತ್ತಾವುದರಿಂದಲೋ? ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವು ಅಮೆರಿಕಾ ದೇಶದ ಒಂದು ಸಣ್ಣ ಊರಿನ ಇತಿಹಾಸದಲ್ಲಿ ದೊರೆಯುವುದು.

ಆ ದೇಶದ ಈಶಾನ್ಯ ಭಾಗದಲ್ಲಿ ನ್ಯೂ ಹ್ಯಾಂಪ್‌ಶೈರ್ ಎಂಬ ಚಿಕ್ಕ ರಾಜ್ಯವೊಂದಿದೆ. ಅಲ್ಲಿ ಮೊನಾಡ್ನಾಕ್ ಎಂಬ ಬೆಟ್ಟಕ್ಕೆ ಅನತಿದೂರದಲ್ಲಿ, ಕಾಂಟೂಕುಕ್ ನದಿಯ ದಡದ ಮೇಲೆ ಪೀಟರ್‌ಬರೋ ಎಂಬ ಊರಿರುವುದು. ೨೦೨೦ರ ಜನಗಣತಿಯಲ್ಲಿ ಕೂಡ ಅದರ ಜನಸಂಖ್ಯೆ ೬,೪೧೮ ಮಾತ್ರ. ನಮ್ಮ ಕಡೆಯ ಒಂದು ದೊಡ್ಡ ಹೋಬಳಿಗ್ರಾಮದಷ್ಟು ಎನ್ನಬಹುದು. ನಾವು ಹೇಳಹೊರಟಿರುವ ಕಾಲದಲ್ಲಿ, ಎಂದರೆ ೧೮೩೩ರಲ್ಲಿ, ಅಲ್ಲಿದ್ದವರು ಸುಮಾರು ಎರಡು ಸಾವಿರ ಜನ. ಒಕ್ಕಲುತನ ಮಾಡುವವರು ಕೆಲವರು. ನದಿಯ ನೀರಿನ ಬಲದಿಂದ ನಡೆಯುತ್ತಿದ್ದ ಹತ್ತಿಯ ಗಿರಣಿಗಳಲ್ಲಿ ದುಡಿಯುವವರು ಕೆಲವರು. ವಿದ್ಯಾಕೇಂದ್ರವೆಂಬ ಕೀರ್ತಿಯಾಗಲಿ, ಕುಬೇರರಾದ ವರ್ತಕರಾಗಲಿ ಆ ಊರಿಗೆ ಇರಲಿಲ್ಲ.

ಆ ಕಾಲಕ್ಕೆ ಅಮೆರಿಕಾದಲ್ಲಿ ಪುಸ್ತಕಭಂಡಾರಗಳು ಇರಲಿಲ್ಲವೆಂದಲ್ಲ. ೧೭೩೧ರಷ್ಟು ಹಿಂದೆಯೇ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಮಿತ್ರರೊಡಗೂಡಿ ಫಿಲಡೆಲ್ಫಿಯಾ ನಗರದಲ್ಲಿ ಒಂದನ್ನು ಸ್ಥಾಪಿಸಿದ್ದನು. ಆದರೆ ಅದು ಪಾಲುಗಾರರ ಭಂಡಾರ. ಮೊದಲು ಪಾಲಿನ ಹಣವನ್ನು ಕಟ್ಟಬೇಕು, ಆಮೇಲೆ ವರ್ಷ ವರ್ಷವೂ ಚಂದಾ ತೆರಬೇಕು; ತೆತ್ತವನಿಗೆ ಪುಸ್ತಕ ಮನೆಗೆ ದೊರೆಯುವುದು. ಈ ಮಾದರಿಯೇ ಊರೂರಿಗೂ ಹಬ್ಬಿತ್ತು. ದಾನದಿಂದಾದ ಭಂಡಾರಗಳೂ ಅಲ್ಲಲ್ಲಿ ಇದ್ದುವು. ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಊರು ಇದೇ ಫ್ರಾಂಕ್ಲಿನನ ಹೆಸರನ್ನಿಟ್ಟುಕೊಂಡು, ತಮ್ಮ ದೇವಾಲಯಕ್ಕೆ ಒಂದು ಗಂಟೆಯನ್ನು ದಯಪಾಲಿಸಬೇಕೆಂದು ಆತನನ್ನು ಕೇಳಿಕೊಂಡಿತಂತೆ. ಆತನು ನಾದಕ್ಕಿಂತ ಬುದ್ಧಿಯೇ ಮೇಲೆಂದು ಭಾವಿಸಿ, ಗಂಟೆಯ ಬದಲು ಪುಸ್ತಕಗಳನ್ನು ಕಳುಹಿಸಿಕೊಟ್ಟನು. ೧೭೯೦ರಲ್ಲಿ ಆ ಊರಿನವರು ಅವುಗಳನ್ನು ಎಲ್ಲ ನಿವಾಸಿಗಳಿಗೂ ಉಚಿತವಾಗಿ ಕೊಡಬೇಕೆಂದು ನಿರ್ಣಯಿಸಿದರು. ಇದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ದಾನವಾಗಿ ಬಂದ ಪುಸ್ತಕಗಳು ಹಳೆಯವಾಗುವುವು, ಹರಿಯುವುವು. ಹೊಸದನ್ನು ಕೊಳ್ಳಲು ಮತ್ತೊಬ್ಬ ದಾನಿಯ ದಾರಿಯನ್ನು ಕಾಯಬೇಕಾಗುವುದು.

ಪೀಟರ್‌ಬರೋ ಊರಿಗೆ ೧೮೨೭ರಲ್ಲಿ ಅಬಿಯೆಲ್ ಅಬಟ್ ಎಂಬ ಕ್ರೈಸ್ತ ಧರ್ಮೋಪದೇಶಕನು ಬಂದು ನೆಲೆಸಿದನು. ಆಗ ಆತನಿಗೆ ಅರವತ್ತು ವರ್ಷ ಮೀರಿತ್ತು. ಬಹುಮಂದಿ ಊರುಗೋಲನ್ನು ಹುಡುಕುವ ವಯಸ್ಸಿನಲ್ಲಿ ಈತನು ಊರಿನ ಮಕ್ಕಳಿಗಾಗಿ ಒಂದು ಪುಸ್ತಕಭಂಡಾರವನ್ನು ಏರ್ಪಡಿಸಿದನು. ದೊಡ್ಡವರಿಗೂ ಏನಾದರೂ ಮಾಡಬೇಕೆಂದು ಯೋಚಿಸತೊಡಗಿದನು. ಅದಕ್ಕೆ ಅನುಕೂಲವಾದ ಸಂದರ್ಭವೂ ಒದಗಿಬಂದಿತು. ನ್ಯೂ ಹ್ಯಾಂಪ್‌ಶೈರ್ ರಾಜ್ಯದವರು ೧೮೨೧ರಲ್ಲಿ ಬ್ಯಾಂಕುಗಳ ಮೇಲೆ ತೆರಿಗೆಯನ್ನು ಹಾಕಿ, ಒಂದು ವಿದ್ಯಾಪೀಠವನ್ನು ಕಟ್ಟುವುದಕ್ಕಾಗಿ ‘ಸಾಹಿತ್ಯನಿಧಿ’ ಎಂಬ ಹೆಸರಿನಲ್ಲಿ ಹಣವನ್ನು ಕೂಡಿಸುತ್ತಿದ್ದರು. ಆ ವಿದ್ಯಾಪೀಠವು ಏಳಲಿಲ್ಲ. ಕೂಡಿದ ಹಣವನ್ನು ೧೮೨೮ರಲ್ಲಿ ಊರುಗಳಿಗೆ ಹಂಚಿಬಿಡುವುದೆಂದೂ, ಪ್ರತಿಯೊಂದು ಊರೂ ಅದನ್ನು ಪಾಠಶಾಲೆಗಳಿಗೆ ಅಥವಾ ವಿದ್ಯೆಗೆ ಸಂಬಂಧಪಟ್ಟ ಇತರ ಕಾರ್ಯಗಳಿಗೆ ವಿನಿಯೋಗಿಸಬಹುದೆಂದೂ ಗೊತ್ತುಮಾಡಿದರು. ಈ ‘ಇತರ ಕಾರ್ಯ’ ಎಂಬ ಎರಡು ಪದಗಳಲ್ಲಿಯೇ ನಮ್ಮ ಕಥೆಯ ಬೀಜವಿರುವುದು.

೧೮೩೩ನೆಯ ಇಸವಿ ಏಪ್ರಿಲ್ ೯ನೆಯ ದಿನ ಪೀಟರ್‌ಬರೋ ಊರಿನ ಸಭೆ ಸೇರಿತು. ಆ ಪ್ರಾಂತದಲ್ಲಿ ಊರಿನ ಆಡಳಿತವು ಇಂತಹ ಸಭೆಗಳ ಮೂಲಕವೇ ನಡೆಯುವುದು; ಸೇತುವೆಯ ದುರಸ್ತಿ, ರಸ್ತೆ, ಶಾಲೆ ಎಲ್ಲವನ್ನೂ ಮತದಾರರು ಸೇರಿ ಕೈಯೆತ್ತಿ ತೀರ್ಮಾನಿಸುವರು. ಅಬಟ್ಟನ ಪ್ರೇರಣೆಯಿಂದ ಆ ದಿನದ ಸಭೆಯು, ತಮ್ಮ ಪಾಲಿಗೆ ಬಂದ ನಿಧಿಯಲ್ಲಿ ಒಂದು ಭಾಗವನ್ನು ಪುಸ್ತಕಗಳನ್ನು ಕೊಳ್ಳಲು ತೆಗೆದಿಡತಕ್ಕದ್ದೆಂದೂ, ಆ ಪುಸ್ತಕಗಳು ಊರಿನವರೆಲ್ಲರಿಗೂ ಉಚಿತವಾಗಿ ದೊರೆಯತಕ್ಕದ್ದೆಂದೂ ನಿರ್ಣಯಮಾಡಿತು. ತೆರಿಗೆಯ ಹಣದಿಂದ ಸ್ಥಾಪಿತವಾಗಿ, ಮೊದಲಿನಿಂದಲೂ ಸರ್ವರಿಗೂ ತೆರೆದಿದ್ದು, ಇಂದಿನವರೆಗೂ ನಡೆದುಬಂದಿರುವ ಸಾರ್ವಜನಿಕ ಪುಸ್ತಕಾಲಯಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಆ ಊರಿನವರು ಹೆಮ್ಮೆಪಡುವರು. ಮೊದಲಿಗರು ತಾವೆಂದು ಹೇಳಿಕೊಳ್ಳುವ ಬೇರೆ ಊರುಗಳೂ ಉಂಟು. ಆ ವ್ಯಾಜ್ಯವನ್ನು ಅವರಿಗೇ ಬಿಡೋಣ.

ಇಲ್ಲಿ ವಾಚಕರಿಗೆ ಒಂದು ಆಕ್ಷೇಪಣೆ ಹೊಳೆಯಬಹುದು. ಮೂವತ್ತೈದು ವರ್ಷ ಬೋರ್ಡಿನ ಮುಂದೆ ನಿಂತ ನಮಗೂ ಅದು ಹೊಳೆಯದೆ ಇಲ್ಲ. ಶಾಲೆಗಳಿಗೆ ಸಲ್ಲಬಹುದಾದ ಹಣದಲ್ಲಿ ಒಂದು ಪಾಲನ್ನು ಕಿತ್ತು ಪುಸ್ತಕಕ್ಕೆ ಕೊಟ್ಟುದು ನ್ಯಾಯವೇ? ಬೆಂಚಿಲ್ಲದ ಶಾಲೆ, ಸಂಬಳ ಸಾಲದ ಉಪಾಧ್ಯಾಯ, ಇವರ ಗತಿ ಏನು? ಆಕ್ಷೇಪಣೆಗೆ ಬಲವುಂಟು. ಆದರೆ ಶಾಲೆಯಿಂದ ಹೊರಬಿದ್ದ ಮಕ್ಕಳು ಏನಾಗುವರೆಂಬುದನ್ನು ಬಲ್ಲವರೂ ಉಪಾಧ್ಯಾಯರೇ. ಓದಲು ಕಲಿತ ಹುಡುಗನು ಹೊಲಕ್ಕೆ ಹೋಗುವನು. ಹುಡುಗಿಯು ಒಲೆಯ ಮುಂದಕ್ಕೆ ಹೋಗುವಳು. ಕೈಗೆ ಪುಸ್ತಕ ಸಿಕ್ಕದಿದ್ದರೆ ಹತ್ತು ವರ್ಷದಲ್ಲಿ ಕಲಿತದ್ದು ತುಕ್ಕು ಹಿಡಿದುಹೋಗುವುದು. ಶಾಲೆಯು ಬಿತ್ತನೆಯಾದರೆ ಪುಸ್ತಕಭಂಡಾರವು ನೀರು. ಬಿತ್ತಿದವನೇ ನೀರಿನ ಚಿಂತೆಯನ್ನೂ ಮಾಡಬೇಕಾಗುವುದು. ಮೇಲಾಗಿ ಆ ಸಭೆಯಲ್ಲಿ ಹೆಂಗಸರಿಗೆ ಮತವಿರಲಿಲ್ಲವೆಂಬುದನ್ನು ನೆನೆಯಬೇಕು. ಸಭೆಯಲ್ಲಿ ಕೈಯೆತ್ತಲು ಅಧಿಕಾರವಿಲ್ಲದವರಿಗೂ, ಬಿಡಿಕಾಸಿನ ತೆರಿಗೆ ಕೊಡದ ಬಡವರಿಗೂ ಪುಸ್ತಕವನ್ನು ಮನೆಗೆ ಒಯ್ಯುವ ಹಕ್ಕನ್ನು ಆ ನಿರ್ಣಯವು ಕೊಟ್ಟಿತು.

ಇನ್ನು ಪುಸ್ತಕಗಳನ್ನು ಇಟ್ಟುದು ಎಲ್ಲಿ? ಭವ್ಯವಾದ ಕಟ್ಟಡದಲ್ಲಿ ಎಂದು ಯಾರಾದರೂ ಊಹಿಸಿದರೆ ಅವರಿಗೆ ನಿರಾಶೆಯಾದೀತು. ಊರಿನ ದಿನಸಿ ಅಂಗಡಿಯೊಂದರಲ್ಲಿ ಅಂಚೆಯ ಕಚೇರಿಯೂ ಇದ್ದಿತು. ಅದೇ ಅಂಗಡಿಯಲ್ಲಿ ಪುಸ್ತಕಗಳ ಕಪಾಟನ್ನೂ ಇಟ್ಟರು. ಕಾಗದ ಬಂದಿದೆಯೇ ಎಂದು ವಿಚಾರಿಸಲು ಬಂದವನು, ಉಪ್ಪು ಸಕ್ಕರೆ ಕೊಳ್ಳಲು ಬಂದವನು, ಹಾಗೆಯೇ ಒಂದು ಪುಸ್ತಕವನ್ನೂ ಕಂಕುಳಲ್ಲಿಟ್ಟುಕೊಂಡು ಹೋಗುವನು. ಇದಕ್ಕಿಂತ ಬುದ್ಧಿವಂತಿಕೆಯ ಏರ್ಪಾಡನ್ನು ನಾವು ಕಾಣೆವು. ಜನ ಬರುವ ಕಡೆಗೆ ಪುಸ್ತಕವನ್ನು ಕೊಂಡೊಯ್ದರೇ ಹೊರತು, ಪುಸ್ತಕವಿರುವ ಕಡೆಗೆ ಜನ ಬರಲೆಂದು ಕಾದು ಕುಳಿತುಕೊಳ್ಳಲಿಲ್ಲ. ಪುಸ್ತಕಾಲಯಕ್ಕೆಂದೇ ಸ್ವಂತ ಕಟ್ಟಡವಾದುದು ೧೮೯೩ರಲ್ಲಿ, ಎಂದರೆ ಪೂರಾ ಅರವತ್ತು ವರ್ಷಗಳ ತರುವಾಯ. ಮಿಸಿಸಿಪ್ಪಿ ಮಹಾನದಿಗೆ ಮೆಂಫಿಸ್ ನಗರದ ಬಳಿ ೧೮೯೨ರಲ್ಲಿ ಸೇತುವೆಯನ್ನು ಕಟ್ಟಿದ ಜಾರ್ಜ್ ಮಾರಿಸನ್ ಎಂಬ ಪ್ರಸಿದ್ಧ ಶಿಲ್ಪಿಗೆ ಈ ಊರಿನಲ್ಲಿ ಬೇಸಗೆಯ ಮನೆಯಿದ್ದಿತು. ಆತನೇ ಇಟ್ಟಿಗೆಯ ಈ ಕಟ್ಟಡದ ನಕಾಶೆಯನ್ನು ಬರೆದನು. ಈಚಿನ ವರ್ಷಗಳಲ್ಲಿ ಊರಿನವರು ಆ ಹಳೆಯ ಕಟ್ಟಡವನ್ನು ಉಳಿಸಿಕೊಂಡೇ ಪುಸ್ತಕಾಲಯವನ್ನು ವಿಸ್ತರಿಸಿದ್ದಾರೆ. ಕಟ್ಟಡವಿಲ್ಲದೆ ಅರವತ್ತು ವರ್ಷ ಪುಸ್ತಕಾಲಯವು ಬದುಕಿತು. ನಿರ್ಣಯವಿಲ್ಲದೆ ಒಂದು ವರ್ಷವೂ ಬದುಕುತ್ತಿರಲಿಲ್ಲ.

ಈ ಊರಿನವರು ಹಿಡಿದ ದಾರಿಯು ಬೇಗನೆ ಹೆದ್ದಾರಿಯಾಯಿತು. ಊರುಗಳು ಪುಸ್ತಕಾಲಯಕ್ಕಾಗಿ ತೆರಿಗೆ ಎತ್ತಬಹುದೆಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯವೇ ೧೮೪೯ರಲ್ಲಿ ಕಾಯಿದೆಮಾಡಿತು. ಮಾರನೆಯ ವರ್ಷ, ೧೮೫೦ರಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ಇಂತಹುದೇ ಶಾಸನವನ್ನು ಅಂಗೀಕರಿಸಿತು. ಆಮೇಲೆ ಬಂದ ಆಂಡ್ರ್ಯೂ ಕಾರ್ನೆಗೀ ಎಂಬ ಉಕ್ಕಿನ ಕೋಟ್ಯಧೀಶ್ವರನು ಎರಡೂವರೆ ಸಾವಿರ ಪುಸ್ತಕಾಲಯಗಳನ್ನು ಕಟ್ಟಿಸಿದನೆಂಬುದು ಅನೇಕರಿಗೆ ಗೊತ್ತಿರುವ ವಿಷಯ. ಆದರೆ ಆತನ ಷರತ್ತು ಗೊತ್ತಿರುವವರು ವಿರಳ. ಊರಿನವರು ನಿವೇಶನವನ್ನು ತಾವೇ ಕೊಡಬೇಕು. ಆತನು ಕೊಟ್ಟ ಹಣದ ಹತ್ತರಲ್ಲೊಂದು ಪಾಲನ್ನು ವರ್ಷ ವರ್ಷವೂ ಪುಸ್ತಕಾಲಯದ ನಿರ್ವಾಹಕ್ಕೆಂದು ತಮ್ಮ ತೆರಿಗೆಯಿಂದ ಒದಗಿಸುವುದಾಗಿ ಒಪ್ಪಬೇಕು. ಒಪ್ಪದ ಊರಿಗೆ ಕಟ್ಟಡವಿಲ್ಲ. ಅಷ್ಟು ದೊಡ್ಡ ದಾನಿಗೂ ದಾನವೊಂದರಿಂದಲೇ ಪುಸ್ತಕಾಲಯವು ಉಳಿಯದೆಂಬುದು ತಿಳಿದಿತ್ತು.

ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಮೊದಲು ಮನಗೊಟ್ಟವರು ಬರೋಡೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು. ಅವರು ೧೯೧೦ರಲ್ಲಿ ಅಮೆರಿಕಾದಿಂದ ಬೋರ್ಡನ್ ಎಂಬ ತಜ್ಞನನ್ನು ಕರೆಸಿ, ತಮ್ಮ ಸಂಸ್ಥಾನದಲ್ಲಿ ಪುಸ್ತಕಾಲಯಗಳನ್ನು ಏರ್ಪಡಿಸಿದರು. ಅದಕ್ಕೆ ಶಾಸನದ ಬಲವನ್ನು ತಂದುಕೊಡಲು ಜೀವಮಾನವನ್ನೆಲ್ಲ ಸವೆಸಿದವರು ಎಸ್. ಆರ್. ರಂಗನಾಥನ್ ಅವರು. ಮೊದಲು ಗಣಿತದ ಉಪಾಧ್ಯಾಯರಾಗಿದ್ದು, ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಇವರು, ತಮ್ಮ ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದು ೧೯೭೨ರಲ್ಲಿ ಅಲ್ಲಿಯೇ ದಿವಂಗತರಾದರು. ಇವರ ಪ್ರಯತ್ನದ ಫಲವಾಗಿ ಮದರಾಸು ಪ್ರಾಂತದಲ್ಲಿ ೧೯೪೮ರಲ್ಲಿ ಪುಸ್ತಕಾಲಯಗಳ ಕಾಯಿದೆ ಬಂದಿತು. ಮನೆಯ ತೆರಿಗೆಯೊಡನೆ ಪುಸ್ತಕಕ್ಕೆಂದು ಒಂದು ಸಣ್ಣ ಕರವನ್ನು ಎತ್ತುವುದು ಅದರ ಏರ್ಪಾಡು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಮದರಾಸಿಗೆ ಸೇರಿದ್ದುವಾದುದರಿಂದ, ಕನ್ನಡ ನಾಡಿಗೆ ಈ ಪದ್ಧತಿಯು ಮೊದಲು ಕಾಲಿಟ್ಟುದು ಆ ಬಾಗಿಲಿನಿಂದಲೇ. ಏಕೀಕರಣವಾದ ಮೇಲೆ ೧೯೬೫ರಲ್ಲಿ ನಮ್ಮ ರಾಜ್ಯವು ತನ್ನದೇ ಆದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯನ್ನು ಮಾಡಿತು. ಈಗ ಪಟ್ಟಣದಲ್ಲಿ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬ ಗೃಹಸ್ಥನೂ ರೂಪಾಯಿಗೆ ೬ ಪೈಸೆಯಂತೆ ಗ್ರಂಥಾಲಯ ಕರವನ್ನು ಕೊಡುತ್ತಿದ್ದಾನೆ. ಸಂಶಯವಿದ್ದವರು ತಮ್ಮ ರಸೀತಿಯನ್ನು ತೆಗೆದು ನೋಡಬಹುದು.

ಸಂಸ್ಕೃತದಲ್ಲಿ ‘ಕರ’ ಎಂಬ ಶಬ್ದಕ್ಕೆ ಕೈ ಎಂದೂ, ಕಿರಣವೆಂದೂ, ತೆರಿಗೆಯೆಂದೂ ಅರ್ಥಗಳುಂಟು. ರಘುವಂಶದ ಪ್ರಥಮ ಸರ್ಗದಲ್ಲಿ ಕಾಳಿದಾಸನು ದಿಲೀಪಮಹಾರಾಜನನ್ನು ವರ್ಣಿಸುತ್ತ, ಸೂರ್ಯನು ಭೂಮಿಯಿಂದ ನೀರನ್ನು ಹೀರಿ ಸಹಸ್ರಗುಣವಾಗಿ ಮಳೆಗರೆಯುವಂತೆ ಆತನು ಪ್ರಜೆಗಳಿಂದ ತೆರಿಗೆಯನ್ನು ತೆಗೆದುಕೊಳ್ಳುತ್ತಿದ್ದನೆಂಬ ಅಭಿಪ್ರಾಯವನ್ನು ಹೇಳಿರುವನು. ಹೀರಿದ್ದು ನಮ್ಮ ಕಣ್ಣಿಗೆ ಬಿದ್ದಿದೆ. ಮಳೆ ಎಲ್ಲಿ ಎಂದು ಕೇಳುವುದು ಗೃಹಸ್ಥನ ಧರ್ಮ. ಸ್ಥಳೀಯ ಸಂಸ್ಥೆಗಳು ವಸೂಲುಮಾಡಿದ ಈ ಕರವನ್ನು ಗ್ರಂಥಾಲಯಗಳಿಗೆ ಸಲ್ಲಿಸದೆ ಬಾಕಿ ಉಳಿಸಿಕೊಂಡಿರುವ ಸುದ್ದಿಯು ವರ್ತಮಾನಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿರುವುದು. ರಸ್ತೆಯ ಗುಂಡಿಗಾಗಿ, ನಲ್ಲಿಯ ನೀರಿಗಾಗಿ ಸದಸ್ಯರ ಮನೆಯ ಬಾಗಿಲನ್ನು ತಟ್ಟುವ ನಾವು, ಪುಸ್ತಕದ ಹಣಕ್ಕಾಗಿ ಎಂದಾದರೂ ತಟ್ಟಿರುವೆವೇ? ಯಾರೂ ಕೇಳದ ಹಣವು ಯಾವ ಕಾಲದಲ್ಲಿಯೂ ತಾನಾಗಿ ಬಂದು ಸೇರಿದ ನಿದರ್ಶನವಿಲ್ಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಗಳು ಮೂರು. ಮೊದಲನೆಯದು, ಮನೆಯವರೆಲ್ಲರೂ ಪುಸ್ತಕಾಲಯದ ಸದಸ್ಯರಾಗತಕ್ಕದ್ದು. ಗಂಡಸರು ದಿನಪತ್ರಿಕೆಯನ್ನು ಓದಿ ಎದ್ದು ಬರುವುದಷ್ಟೇ ಅಲ್ಲ. ಹೆಂಗಸರೂ ಮಕ್ಕಳೂ ಹೋಗಬೇಕು, ಪುಸ್ತಕ ಮನೆಗೆ ಬರಬೇಕು. ಎರಡನೆಯದು, ಬೇಕಾದ ಪುಸ್ತಕವಿಲ್ಲದಿದ್ದರೆ ಗೊಣಗುತ್ತ ಹಿಂದಿರುಗದೆ, ಅದರ ಹೆಸರನ್ನು ಬರೆದು ಗ್ರಂಥಪಾಲರ ಕೈಗೆ ಕೊಡತಕ್ಕದ್ದು. ಅವರೂ ಕೇಳುವವರಿಲ್ಲದೆ ಬೇಸತ್ತಿರಬಹುದು. ಮೂರನೆಯದು, ವರ್ಷಕ್ಕೊಮ್ಮೆಯಾದರೂ, ಪಟ್ಟಣದವರು ತಮ್ಮ ಪುರಸಭೆಯಲ್ಲಿಯೂ ಹಳ್ಳಿಯವರು ಗ್ರಾಮಸಭೆಯಲ್ಲಿಯೂ, ಪುಸ್ತಕಕ್ಕೆಂದು ಈ ವರ್ಷ ಎಷ್ಟು ಹಣ ಬಂದಿತು, ಎಷ್ಟು ವೆಚ್ಚವಾಯಿತು ಎಂದು ಎದ್ದು ನಿಂತು ಕೇಳತಕ್ಕದ್ದು. ಕೇಳುವುದಕ್ಕೆ ಪಾಂಡಿತ್ಯವೇನೂ ಬೇಕಾಗಿಲ್ಲ.

ಹಬ್ಬಕ್ಕೂ ಜಾತ್ರೆಗೂ ಊರೊಟ್ಟಿನ ಹಣವೆತ್ತುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಅನಾದಿಯಿಂದಲೂ ಉಂಟು. ಆ ಹಣದ ಲೆಕ್ಕವನ್ನು ಚಾವಡಿಯಲ್ಲಿ ಎಲ್ಲರ ಎದುರಿಗೆ ಒಪ್ಪಿಸುವ ಪದ್ಧತಿಯೂ ಉಂಟು. ಒಂದು ಕಾಸು ಹೆಚ್ಚುಕಡಮೆಯಾದರೂ ಬಿಡುವವರಲ್ಲ. ಪುಸ್ತಕಕ್ಕೆಂದು ನಾವು ತೆರುತ್ತಿರುವುದೂ ಊರೊಟ್ಟಿನ ಹಣವೇ. ಅದರ ಲೆಕ್ಕವನ್ನೂ ಹಾಗೆಯೇ ಕೇಳುವ ದಿನ ಬಂದರೆ, ನಮ್ಮ ಊರಿನ ಪುಸ್ತಕಾಲಯದ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯುವುದೆಂದೂ, ಕಪಾಟುಗಳಲ್ಲಿ ಈ ವರ್ಷದ ಪುಸ್ತಕಗಳೂ ಕಾಣಿಸಿಕೊಳ್ಳುವುವೆಂದೂ ನಮ್ಮ ದೃಢವಾದ ನಂಬಿಕೆ.