ಟಿಕ್ ಮಾಡದ 349 ರೂಪಾಯಿ

ಗುಂಡ್ಯ ದಾಟಿ ಘಾಟಿ ಹತ್ತುತ್ತಾ ಇದ್ದೆವು. ಮಾರನಹಳ್ಳಿ ಆದ ಮೇಲೆ ಇನ್ನೂ ಎರಡು ತಿರುವು ಕಳೆದಿರಲಿಲ್ಲ, ಕಾರು ಒಂದು ಸಲ ಜಗ್ಗಿ ನಿಂತುಬಿಟ್ಟಿತು. ಡ್ಯಾಶ್‌ಬೋರ್ಡ್‌ನಲ್ಲಿ ಗೇರ್ ನಂಬರ್ ಕಾಣಬೇಕಾದ ಜಾಗದಲ್ಲಿ ಒಂದು ಗೆರೆ ಮಿಣುಕುತ್ತಿತ್ತು. ಆಫ್ ಮಾಡಿ ಆನ್ ಮಾಡಿದೆ. ನಮ್ಮ ವೃತ್ತಿಯವರಿಗೆ ಗೊತ್ತಿರುವ ಮೊದಲ ರಿಪೇರಿ ಅದೇ ತಾನೆ. ಗೆರೆ ಮತ್ತೆ ಮಿಣುಕಿತು.

ಕಳೆದ ಫೆಬ್ರವರಿಯ ಭಾನುವಾರ, ಸಂಜೆ ಆರೂವರೆ. ಹಿಂದಿನ ಸೀಟಿನಲ್ಲಿ ಅಮ್ಮ. ಮಂಡಿ ಆಪರೇಶನ್ ಆಗಿ ಆರು ವಾರ, ಸೋಮವಾರ ಬೆಳಿಗ್ಗೆ ಬೆಂಗಳೂರಲ್ಲಿ ಡಾಕ್ಟರಿಗೆ ತೋರಿಸಬೇಕು. ಅದಕ್ಕೇ ಪುತ್ತೂರಿಗೆ ಹೋಗಿ ಅಪ್ಪ ಅಮ್ಮನನ್ನು ಕರೆದುಕೊಂಡು ಬರುತ್ತಿದ್ದೆ. ಹಿಂದಿನಿಂದ ಟ್ಯಾಂಕರ್‌ಗಳು ಹಾರ್ನ್ ಹೊಡೆಯುತ್ತಾ ಮೈ ಸವರಿಕೊಂಡೇ ಹೋಗುತ್ತಿದ್ದವು. ಎಚ್ಚರಿಕೆಯ ಕೆಂಪು ತ್ರಿಕೋನ ಡಿಕ್ಕಿಯಲ್ಲಿತ್ತು, ಅದರ ಮೇಲೆ ಎರಡು ಸೂಟ್‌ಕೇಸ್, ಹದಿನೈದು ತೆಂಗಿನಕಾಯಿ, ಒಂದು ಡಬ್ಬ ಹಪ್ಪಳ. ನಾನು ಅದನ್ನೆಲ್ಲ ಇಳಿಸುವಷ್ಟರಲ್ಲಿ ಅಪ್ಪ ಪಕ್ಕದ ಕಾಡಿನಿಂದ ನಾಲ್ಕು ಸೊಪ್ಪಿನ ಗೆಲ್ಲು ಮುರಿದು ತಂದು ರಸ್ತೆಯಲ್ಲಿ ಹಾಕಿ ಆಗಿತ್ತು. "ನೀನು ಮೊದಲು ಯಾರಿಗಾದ್ರೂ ಫೋನ್ ಮಾಡು ಮಾರಾಯ" ಅಂದರು.

ಸರಿ, ಯಾರಿಗೆ ಮಾಡುವುದು? ಕಾರಿನ ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್ ನಂಬರ್ ಮುಂದಿನ ಗಾಜಿನ ಮೇಲೆ ಸ್ಟಿಕ್ಕರ್ ಆಗಿ ಅಂಟಿಕೊಂಡಿತ್ತು. ಸಿಗ್ನಲ್ ಒಂದು ಕಡ್ಡಿ ಬರುತ್ತೆ, ಹೋಗುತ್ತೆ. ಮೂರನೇ ಸಲಕ್ಕೆ ಸಿಕ್ಕಿದ ಹುಡುಗಿ ಗಾಡಿ ನಂಬರ್ ಕೇಳಿ, ತುಂಬಾ ಮರ್ಯಾದೆಯಿಂದ ಹೇಳಿದಳು: "ಸರ್, ನಿಮ್ಮ ಆರ್‌ಎಸ್‌ಎ ಡಿಸೆಂಬರ್ 2022ಕ್ಕೆ ಮುಗಿದಿದೆ." ನನ್ನ ಹತ್ತಿರ ಐದು ವರ್ಷದ ವಾರಂಟಿ ಇದೆಯಲ್ಲ ಅಂದೆ. "ಅದು ವಾರಂಟಿ ಸರ್. ಇದು ಅಸಿಸ್ಟೆನ್ಸ್."

ಈ ಒಂದು ವಾಕ್ಯ ನನಗೆ ನಾಲ್ಕು ವರ್ಷ ಯಾರೂ ಹೇಳಿರಲಿಲ್ಲ. ಅಥವಾ ನಾನು ಕೇಳಿಸಿಕೊಂಡಿರಲಿಲ್ಲ. ವಾರಂಟಿ ಅಂದರೆ ಕೆಟ್ಟ ಭಾಗವನ್ನು ವರ್ಕ್‌ಶಾಪ್‌ನಲ್ಲಿ ಸರಿ ಮಾಡಿಕೊಡುವ ಮಾತು. ಗಾಡಿಯನ್ನು ವರ್ಕ್‌ಶಾಪಿಗೆ ತಲುಪಿಸುವ ಮಾತು ಅದರಲ್ಲಿ ಇರಲೇಬೇಕು ಅಂತೇನಿಲ್ಲ. ಹೊಸ ಕಾರಿನ ಜೊತೆ ಎರಡೂ ಒಟ್ಟಿಗೆ ಬಂದಿದ್ದವು. ಎಕ್ಸ್‌ಟೆಂಡೆಡ್ ವಾರಂಟಿಗೆ ದುಡ್ಡು ಕಟ್ಟಿದಾಗ ಒಂದು ಮಾತ್ರ ಮುಂದಕ್ಕೆ ಹೋಯಿತು, ಇನ್ನೊಂದು ಸದ್ದಿಲ್ಲದೆ ಮುಗಿಯಿತು.

ಇನ್ಶೂರೆನ್ಸ್‌ನಲ್ಲಿ ಇರಬಹುದು ಅಂತ ಬೆಂಗಳೂರಲ್ಲಿದ್ದ ಹೆಂಡತಿಗೆ ಫೋನ್ ಮಾಡಿದೆ. ಅವಳು ನನ್ನ ಮೇಲ್ ತೆಗೆದು ಪಾಲಿಸಿ ನೋಡಿ, "ರೋಡ್‌ಸೈಡ್ ಅಸಿಸ್ಟೆನ್ಸ್, 349 ರೂಪಾಯಿ, ನಾಟ್ ಆಪ್ಟೆಡ್ ಅಂತಿದೆ ಕಣೋ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಪ್ರೀಮಿಯಂ ಕಡಿಮೆ ಆಗಲಿ ಅಂತ ಆನ್‌ಲೈನ್‌ನಲ್ಲಿ ಒಂದೊಂದೇ ಟಿಕ್ ತೆಗೆಯುತ್ತಾ, ಪಕ್ಕದಲ್ಲಿ ಮೊತ್ತ ಇಳಿಯುವುದನ್ನು ನೋಡಿ ಖುಷಿಪಟ್ಟವನು ನಾನೇ.

ಕಡೆಗೆ ಕೈ ಹಿಡಿದದ್ದು 1033. ರಾಷ್ಟ್ರೀಯ ಹೆದ್ದಾರಿಗಳಿಗೆ ಇರುವ ಸಹಾಯವಾಣಿ, ದಿನವಿಡೀ ಕೆಲಸ ಮಾಡುತ್ತದೆ. ಶಿರಾಡಿ ರಸ್ತೆ ರಾಷ್ಟ್ರೀಯ ಹೆದ್ದಾರಿ 75 ಆದ್ದರಿಂದ ಅವರ ವ್ಯಾಪ್ತಿಗೆ ಬಂತು. ಐವತ್ತು ನಿಮಿಷಕ್ಕೆ ಗಾಡಿ ಬಂತು, ಕಾರಿನ ಮೂತಿ ಎತ್ತಿ ಎಳೆದು ರಸ್ತೆ ಅಗಲ ಇರುವ ಕಡೆ ಬಿಟ್ಟರು. ದುಡ್ಡು ಕೇಳಲಿಲ್ಲ. "ಇಲ್ಲಿಂದ ಮುಂದೆ ನೀವೇ ನೋಡ್ಕೋಬೇಕು ಸರ್. ಆಟೋಮ್ಯಾಟಿಕ್ ಗಾಡಿ ಬೇರೆ, ಹಗ್ಗ ಹಾಕಿ ಎಳೆಸೋಕೆ ಹೋಗ್ಬೇಡಿ, ಮೇಲೆ ಹೇರ್ಕೊಂಡು ಹೋಗೋ ಲಾರಿನೇ ಕರೆಸಿ" ಅಂತ ಹೇಳಿ ಹೋದರು. ನೆನಪಿಟ್ಟುಕೊಳ್ಳಿ, ಗೇರಿನಲ್ಲೇ ಸಿಕ್ಕಿಕೊಂಡ ಕಾರನ್ನು, ಗೇರಿಗೆ ಸೇರಿದ ಚಕ್ರಗಳು ನೆಲದ ಮೇಲೆ ಉರುಳುವ ಹಾಗೆ ಎಳೆದರೆ ಒಂದು ರಿಪೇರಿ ಎರಡಾಗುತ್ತದೆ.

ಸಕಲೇಶಪುರದಿಂದ ಲಾರಿ ಬಂತು, ಹಾಸನಕ್ಕೆ 7,000 ರೂಪಾಯಿ. ಚೌಕಾಸಿ ಮಾಡುವ ಸ್ಥಿತಿ ಅಲ್ಲ. ಆದರೆ ನಿಜವಾದ ಸಮಸ್ಯೆ ಆಗ ಶುರುವಾಯಿತು. ಲಾರಿಯ ಕ್ಯಾಬಿನ್ ನನ್ನ ಎದೆಯ ಎತ್ತರದಲ್ಲಿದೆ. ಅಮ್ಮ ವಾಕರ್ ಹಿಡಿದುಕೊಂಡು ಅದನ್ನೇ ನೋಡುತ್ತಾ, "ಇದಕ್ಕೆ ನಾನು ಹತ್ತೋದು ಹೇಗೆ?" ಅಂದರು. ಬಸ್ಸಿಗೆ ಕೈ ತೋರಿಸಿದರೂ ಅದೇ ಕತೆ. ಲಾರಿಯವನೇ ಪರಿಚಯದವನಿಗೆ ಫೋನ್ ಮಾಡಿ ಒಂದು ಓಮ್ನಿ ತರಿಸಿದ. ಅದು ಬರುವವರೆಗೆ ಮತ್ತೆ ಒಂದು ಗಂಟೆ. ಚಳಿ ಬೇರೆ. ಅಪ್ಪ ತಮ್ಮ ಶಾಲು ಅಮ್ಮನ ಕಾಲಿಗೆ ಸುತ್ತಿ ಕೂತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಓಮ್ನಿಗೆ 1,500. ಆ ರಾತ್ರಿ ಹಾಸನದಲ್ಲಿ ರೂಮು, ಡಾಕ್ಟರ್ ಭೇಟಿ ಮಂಗಳವಾರಕ್ಕೆ ಹೋಯಿತು.

ಇಷ್ಟೆಲ್ಲ ಆದರೂ ಮನಸ್ಸಿನಲ್ಲಿ ಒಂದು ಧೈರ್ಯ ಇತ್ತು: ರಿಪೇರಿ ಖರ್ಚು ವಾರಂಟಿಯಲ್ಲಿ ಬರುತ್ತೆ. ಕಾರು ತೆಗೆದುಕೊಂಡದ್ದು ಡಿಸೆಂಬರ್ 2020ರಲ್ಲಿ, ಓಡಿದ್ದು 31,000 ಕಿಲೋಮೀಟರ್, ವಾರಂಟಿ ಡಿಸೆಂಬರ್ 2025ರವರೆಗೆ. ಕೆಟ್ಟಿದ್ದು ಎಎಂಟಿಯ ಆಕ್ಚುಯೇಟರ್, ಅಂದರೆ ನಮ್ಮ ಕಾಲಿನ ಬದಲು ಕ್ಲಚ್ ಒತ್ತಿ, ನಮ್ಮ ಕೈ ಬದಲು ಗೇರ್ ಹಾಕುವ ಯಂತ್ರ. ಭಾಗಕ್ಕೆ 46,000, ಕೂಲಿ 4,200.

ಸೋಮವಾರ ಮಧ್ಯಾಹ್ನ ಸರ್ವಿಸ್ ಅಡ್ವೈಸರ್ ಫೋನ್: "ಸರ್, ಸಿಸ್ಟಮ್‌ನಲ್ಲಿ ನಿಮ್ಮ ಮೂರನೇ ವರ್ಷದ ಸರ್ವಿಸ್ ತೋರಿಸ್ತಾ ಇಲ್ಲ. ಕ್ಲೇಮ್ ರಿಜೆಕ್ಟ್ ಆಗಿದೆ."

ಮೂರನೇ ವರ್ಷ ಆಗಿದ್ದು ಇಷ್ಟು. ಡೀಲರ್ ಹೇಳಿದ ಮೊತ್ತ 8,900. ಅದರಲ್ಲಿ ಇಂಜಿನ್ ಫ್ಲಶ್, ಎಸಿ ಡಿಸ್‌ಇನ್‌ಫೆಕ್ಟೆಂಟ್, ಇನ್ನೊಂದು ಹೆಸರೇ ನೆನಪಿಲ್ಲದ ಕೋಟಿಂಗ್. ನಮ್ಮ ಮನೆ ಹತ್ತಿರದ ಗ್ಯಾರೇಜಿನವರು ಆಯಿಲ್, ಫಿಲ್ಟರ್ ಬದಲಿಸಿ, ಬ್ರೇಕ್ ಕ್ಲೀನ್ ಮಾಡಿ 3,600ಕ್ಕೆ ಮುಗಿಸಿದರು. 5,300 ಉಳಿಸಿದೆ ಅಂತ ಆಫೀಸಲ್ಲಿ ಹೇಳಿಕೊಂಡಿದ್ದೆ ಕೂಡ. ಆವತ್ತು ನಾನು ತೆರೆದು ನೋಡಬೇಕಿದ್ದದ್ದು ಗ್ಲೋವ್ ಬಾಕ್ಸಿನ ಮ್ಯಾನ್ಯುಯಲ್. ಕಂಪನಿ ಆ ವರ್ಷಕ್ಕೆ ಏನೇನು ಮಾಡಬೇಕು ಅಂತ ಹೇಳಿದೆ ಎನ್ನುವ ಕೋಷ್ಟಕ ಅದರಲ್ಲಿದೆ. ಆ ಫ್ಲಶ್ಶೂ ಇರಲಿಲ್ಲ, ಕೋಟಿಂಗೂ ಇರಲಿಲ್ಲ. "ಮ್ಯಾನ್ಯುಯಲ್‌ನಲ್ಲಿ ಇರೋದಷ್ಟೇ ಮಾಡಿ" ಅಂದಿದ್ದರೆ ಡೀಲರ್ ಹತ್ತಿರವೇ ಬಿಲ್ ಎಷ್ಟೋ ಇಳಿಯುತ್ತಿತ್ತು, ವಾರಂಟಿಗೂ ಏನೂ ಆಗುತ್ತಿರಲಿಲ್ಲ.

ಮನೆಯಿಂದ ಕೆಲಸ ಮಾಡುವವರು ಬೀಳುವ ಇನ್ನೊಂದು ಗುಂಡಿ ಇದೆ. 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕೋಡ್ ಬರೆಯುವ ನಾವೇ ಇಲ್ಲಿ 'ಅಥವಾ'ವನ್ನು 'ಮತ್ತು' ಅಂತ ಓದುತ್ತೇವೆ. ಗಾಡಿ ಆರೇ ಸಾವಿರ ಓಡಿದೆ, ಏನು ಅವಸರ ಅಂತ ಮೂರು ತಿಂಗಳು ತಡ ಮಾಡಿದ ಸಹೋದ್ಯೋಗಿಯೊಬ್ಬನಿಗೂ ನನ್ನದೇ ಉತ್ತರ ಸಿಕ್ಕಿತ್ತು, ಅವನದು ಸ್ಟಿಯರಿಂಗ್ ಮೋಟರ್.

ರಾತ್ರಿ ಕೂತು ಓದುತ್ತಾ ಹೋದೆ. ಆಗಸ್ಟ್ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿಗೂ ಹೆಚ್ಚು ದಂಡ ಹಾಕಿತ್ತು. ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಅನ್ನುವುದು ಮುಖ್ಯ ತಕರಾರು. ಅದೇ ಆದೇಶದಲ್ಲಿ ವಾರಂಟಿಯ ಮಾತೂ ಇದೆ. ಹೊರಗೆ ಸರ್ವಿಸ್ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅಂತ ಸಾರಾಸಗಟಾಗಿ ಷರತ್ತು ಹಾಕಬಾರದು. ಹೊರಗಿನ ಕೆಟ್ಟ ರಿಪೇರಿಯಿಂದಲೇ ಹಾಳಾಗಿದ್ದರೆ ಆ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು. ಕಂಪನಿಗಳು ಮೇಲ್ಮನವಿ ಹೋದವು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಾಗಾಗಿ ಇದನ್ನು ಕೌಂಟರಿನಲ್ಲಿ ಓದಿ ಹೇಳಿದ ಕೂಡಲೇ ಆಕ್ಚುಯೇಟರ್ ಬರುತ್ತೆ ಅಂದುಕೊಳ್ಳಬೇಡಿ. ಅದೂ ಅಲ್ಲದೆ ನನ್ನದು ಎಕ್ಸ್‌ಟೆಂಡೆಡ್ ವಾರಂಟಿ. ಪ್ರತ್ಯೇಕ ದುಡ್ಡು ಕೊಟ್ಟು, ಪ್ರತ್ಯೇಕ ಷರತ್ತಿಗೆ ಸಹಿ ಹಾಕಿ ತೆಗೆದುಕೊಂಡದ್ದು. ಸಹಿ ನನ್ನದೇ.

ಡಲ್ಲಾಸ್‌ನಲ್ಲಿರುವ ಭಾವನಿಗೆ ಈ ಗೋಳು ಹೇಳಿದೆ. ಅಲ್ಲಿ 1975ರಿಂದಲೇ ಕಾನೂನಿದೆ, ನಮ್ಮ ಹತ್ತಿರವೇ ಸರ್ವಿಸ್ ಮಾಡಿಸಿದರೆ ಮಾತ್ರ ವಾರಂಟಿ ಅಂತ ಕಂಪನಿ ಕಟ್ಟಿಹಾಕುವ ಹಾಗಿಲ್ಲ, ಅವನು ಸೂಪರ್ ಮಾರ್ಕೆಟ್ ಪಕ್ಕದ ಅಂಗಡಿಯಲ್ಲಿ ಆಯಿಲ್ ಹಾಕಿಸುತ್ತಾನೆ. ಆದರೆ ಅವನು ಕೇಳಿದ ಮೊದಲ ಪ್ರಶ್ನೆ: "ಬಿಲ್ ಇದೆಯಾ?"

ಇರಲಿಲ್ಲ. ಯುಪಿಐನಲ್ಲಿ 3,600 ಹೋದ ದಾಖಲೆ ಮಾತ್ರ. ಗ್ಯಾರೇಜಿಗೆ ಹೋದೆ. ಅವರು ಒಂದು ಮಾತೂ ಆಡದೆ ಹಳೆಯ ಲೆಕ್ಕದ ಪುಸ್ತಕ ತೆಗೆದು, ಎಂಜಲು ಹಚ್ಚಿ ಪುಟ ತಿರುಗಿಸಿ ತೋರಿಸಿದರು. ತಾರೀಕು, ಗಾಡಿ ನಂಬರ್, ಆಯಿಲ್‌ನ ಗ್ರೇಡ್, ಕಂಪನಿ ಫಿಲ್ಟರ್ ಅಂತ ಬರೆದಿತ್ತು. ಫೋಟೋ ತೆಗೆದುಕೊಂಡೆ. "ನಂದರಿಂದ ನಿಮಗೆ ತೊಂದರೆ ಆಯ್ತಾ ಸರ್?" ಅಂತ ಕೇಳಿದರು. ಅದಕ್ಕೆ ಏನು ಹೇಳಲಿ.

ಆಮೇಲೆ ಕಂಪನಿಗೆ ಮೇಲ್ ಬರೆದೆ. ಕೋಪ ಇಲ್ಲದೆ, ಬಗ್ ರಿಪೋರ್ಟ್ ಬರೆಯುವ ಹಾಗೆ. ಆಯಿಲ್ ಬದಲಾವಣೆಗೂ ಆಕ್ಚುಯೇಟರ್‌ಗೂ ಏನು ಸಂಬಂಧ, ಬರವಣಿಗೆಯಲ್ಲಿ ತಿಳಿಸಿ ಅಂತ ಕೇಳಿದೆ. ಮೂರನೇ ಸರ್ವಿಸ್ ತಪ್ಪಿದ್ದರಿಂದ ವಾರಂಟಿ ಹೋಗಿದ್ದರೆ, ಡಿಸೆಂಬರ್ 2024ರಲ್ಲಿ ನಾಲ್ಕನೇ ಸರ್ವಿಸ್ ಮಾಡಿ ದುಡ್ಡು ತೆಗೆದುಕೊಂಡ ನಿಮ್ಮದೇ ಡೀಲರ್ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಪುಸ್ತಕದ ಫೋಟೋ, ಯುಪಿಐ ದಾಖಲೆ, ಆಯೋಗದ ಆದೇಶದ ಆ ಭಾಗ ಲಗತ್ತಿಸಿದೆ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ ಅಂತ ಕೊನೆಗೆ ಒಂದು ಸಾಲು.

ಬಾಯಿಮಾತಿನ 'ರಿಜೆಕ್ಟ್' ಬಹಳ ಸುಲಭ. ಅದನ್ನೇ ಲೆಟರ್‌ಹೆಡ್ ಮೇಲೆ ಕಾರಣ ಸಮೇತ ಬರೆಯಬೇಕಾದಾಗ ಜನ ಯೋಚನೆ ಮಾಡುತ್ತಾರೆ. ಹನ್ನೊಂದನೇ ದಿನ ಫೋನ್ ಬಂತು. ವಾರಂಟಿ ಅಲ್ಲ, 'ಗುಡ್‌ವಿಲ್' ಅಂತೆ. ಭಾಗದ ಬೆಲೆಯ ಶೇಕಡ 70 ಕಂಪನಿ ಕೊಡುತ್ತದೆ, ಉಳಿದದ್ದೂ ಕೂಲಿಯೂ ನನ್ನದು. ಒಟ್ಟು 18,000. ಒಪ್ಪಿಕೊಂಡೆ. ಇನ್ನೂ ಹೋರಾಡಬಹುದಿತ್ತು ಅಂತ ಕೆಲವರು ಹೇಳಿದರು, ಹೌದು. ಆದರೆ ಅಷ್ಟು ದಿನ ಅಮ್ಮನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿದ್ದು ಕ್ಯಾಬಿನಲ್ಲಿ. ನನಗೆ ಕಾರು ಬೇಕಿತ್ತು.

ಆರ್‌ಎಸ್‌ಎ ಈಗ ಇನ್ಶೂರೆನ್ಸ್ ಜೊತೆ ತೆಗೆದುಕೊಂಡಿದ್ದೇನೆ. ಈ ಸಲ ಷರತ್ತು ಪೂರ್ತಿ ಓದಿದೆ. ನಿಮ್ಮದನ್ನು ನೋಡುವಾಗ ಟೋಯಿಂಗ್ ಎಷ್ಟು ಕಿಲೋಮೀಟರ್‌ವರೆಗೆ ಉಚಿತ ಅನ್ನುವುದನ್ನು ಮೊದಲು ನೋಡಿ. ಊರೊಳಗೆ 25 ಕಿಲೋಮೀಟರ್ ಧಾರಾಳ, ಘಾಟಿಯಿಂದ ಹಾಸನಕ್ಕೆ ಏನೂ ಸಾಲದು. ವರ್ಷಕ್ಕೆ ಎಷ್ಟು ಸಲ ಕರೆಯಬಹುದು, ಲಾರಿ ಮೇಲೆ ಹೇರಿಕೊಂಡು ಹೋಗುತ್ತಾರಾ ಇಲ್ಲ ಕೊಕ್ಕೆ ಹಾಕಿ ಎಳೆಯುತ್ತಾರಾ, ಗಾಡಿಯಲ್ಲಿದ್ದವರಿಗೆ ಟ್ಯಾಕ್ಸಿ ಕೊಡುತ್ತಾರಾ. ಈ ಕೊನೆಯದನ್ನು ನಾನು ಎರಡು ಸಲ ಓದಿದೆ. ಪಾಲಿಸಿ ಇಲ್ಲದೆಯೂ ಆರ್‌ಎಸ್‌ಎ ಮಾತ್ರ ಮಾರುವ ಕಂಪನಿಗಳಿವೆ. ಕೆಲವು ಪ್ಲಾನ್‌ಗಳು ದುಡ್ಡು ಕಟ್ಟಿ ಕೆಲವು ದಿನ ಆದ ಮೇಲೆ ಶುರುವಾಗುತ್ತವೆ, ಹಾಗಾಗಿ ಊರಿಗೆ ಹೊರಡುವ ಹಿಂದಿನ ರಾತ್ರಿ ಕೊಂಡರೆ ಪ್ರಯೋಜನ ಇಲ್ಲದೇ ಹೋಗಬಹುದು. ಡೀಲರ್ ಹತ್ತಿರ ಒಂದು, ಇನ್ಶೂರೆನ್ಸ್‌ನಲ್ಲಿ ಒಂದು ಅಂತ ಎರಡೆರಡು ತೆಗೆದುಕೊಂಡವರೂ ನನ್ನ ಟೀಮಿನಲ್ಲಿದ್ದಾರೆ, ಅದೂ ಬೇಡ.

ಅಪ್ಪನ ಹತ್ತಿರ ಹಳೇ ಮಾರುತಿ 800 ಇದ್ದಾಗಿನ ಒಂದು ಫೈಲ್ ಇದೆ. ಪಂಕ್ಚರ್ ಹಾಕಿಸಿದ ಚೀಟಿ ಕೂಡ ಅದರಲ್ಲಿದೆ. ಚಿಕ್ಕಂದಿನಲ್ಲಿ ಅದನ್ನು ನೋಡಿ ನಗುತ್ತಿದ್ದೆ. ಹೋದ ತಿಂಗಳು ಅಪ್ಪ ಬೆಂಗಳೂರಿಗೆ ಬಂದವರು ನನ್ನ ಕಾರಿನ ಮ್ಯಾನ್ಯುಯಲ್ ತೆಗೆದು ಕನ್ನಡಕ ಹಾಕಿಕೊಂಡು ಓದುತ್ತಾ ಕೂತಿದ್ದರು. "ಇಲಿ ವಯರ್ ಕಡಿದ್ರೆ ವಾರಂಟಿ ಇಲ್ಲ ಅಂತ ಉಂಟಲ್ಲ, ಊರಿಗೆ ತಂದಾಗ ಕೊಟ್ಟಿಗೆ ಹತ್ರ ನಿಲ್ಲಿಸ್ಬೇಡ" ಅಂದರು.

ಈ ಡಿಸೆಂಬರ್‌ಗೆ ವಾರಂಟಿ ಮುಗಿಯುತ್ತದೆ. ಐದನೇ ವರ್ಷದ ಸರ್ವಿಸ್ ಡೀಲರ್ ಹತ್ತಿರವೇ, ಫ್ಲಶ್ ಇಲ್ಲದೆ. ಅದರ ನಂತರದ್ದು ನಮ್ಮ ಗ್ಯಾರೇಜಿನವರಿಗೆ ಅಂತ ಹೇಳಿ ಬಂದಿದ್ದೇನೆ. "ಈ ಸಲ ಬಿಲ್ ಬರೆದು ಕೊಡ್ತೀನಿ ಸರ್" ಅಂದರು. ಸೀಲು ಮಾಡಿಸಲು ಕೊಟ್ಟಿದ್ದಾರಂತೆ.