ಊರ ಹೆಸರಿನ ವ್ಯಾಕರಣ

ಊರಿನ ಹೆಸರನ್ನು ಕೇಳಿದೊಡನೆ ಅದಕ್ಕೊಂದು ಕಥೆ ಕಟ್ಟುವುದು ಜನರ ಹಳೆಯ ಅಭ್ಯಾಸ. ಕಥೆ ಇಂಪಾಗಿರಬಹುದು, ಆದರೆ ಹೆಸರಿನ ಹುಟ್ಟನ್ನು ಅರಿಯಬಯಸುವವರು ಮೊದಲು ವಿಚಾರಿಸಬೇಕಾದುದು ವ್ಯಾಕರಣವನ್ನು.

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಶೀಳನೆರೆಯನ್ನೇ ನೋಡಬಹುದು. ಇದನ್ನು ‘ಶೀಳ’, ‘ನೆರೆ’ ಎಂದು ಬಿಡಿಸಿದರೆ ನೆರೆಹೊರೆಯೋ ಹೊಳೆಯ ಪ್ರವಾಹವೋ ನೆನಪಾಗುತ್ತದೆ. ‘ಶೀಳನ’, ‘ಎರೆ’ ಎಂದು ಬಿಡಿಸಿದರೆ ಅದು ಲೋಪಸಂಧಿಯಾಗಿ, ಯಾರದೋ ಎರೆಮಣ್ಣಿನ ಹೊಲ ಕಣ್ಣೆದುರು ನಿಲ್ಲುತ್ತದೆ. ಅದೇ ತಾಲ್ಲೂಕಿನ ಬೂಕನಕೆರೆಯಲ್ಲಿ ಷಷ್ಠೀ ವಿಭಕ್ತಿಯ ರೂಪ ಎದ್ದು ಕಾಣುವುದರಿಂದ ಈ ಎರಡನೆಯ ಬಗೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮೊದಲಕ್ಷರವೂ ಎಚ್ಚರಿಕೆ ಹೇಳುತ್ತದೆ. ಅಚ್ಚಗನ್ನಡ ಮಾತುಗಳಿಗೆ ಶಕಾರ ಸಹಜವಲ್ಲ. ಪಂಡಿತರು ಸಂಸ್ಕೃತದ ‘ಶೀಲ’ದ ಕಡೆಗೂ ಹಳ್ಳಿಗರು ಕನ್ನಡದ ‘ಸೀಳು’ವಿನ ಕಡೆಗೂ ವಾಲುವುದು ಸ್ವಾಭಾವಿಕ. ಇಂಥಲ್ಲಿ ಸದ್ದಿನ ಹೋಲಿಕೆಯೊಂದನ್ನೇ ನಂಬಿ ತೀರ್ಪು ಕೊಡುವುದು ತರವಲ್ಲ. ಹಳೆಯ ಬರಹದ ರೂಪವೇ ಸಾಕ್ಷಿ ನುಡಿಯಬೇಕು.

ಸಾಕ್ಷಿ ದೊರೆತೆಡೆಯಲ್ಲಿ ಹೆಸರು ಎಷ್ಟು ಚೆನ್ನಾಗಿ ಮಾತನಾಡುತ್ತದೆ! ಕೃಷ್ಣರಾಜಪೇಟೆಯ ಸಮೀಪದ ಹೊಸಹೊಳಲು ಹದಿಮೂರನೆಯ ಶತಮಾನದ ಹೊಯ್ಸಳ ದೇವಾಲಯಕ್ಕೆ ಹೆಸರಾಗಿದೆ. ಹಳಗನ್ನಡದಲ್ಲಿ ‘ಪೊಳಲ್’ ಎಂದರೆ ಪಟ್ಟಣ. ಪಕಾರವು ಹಕಾರವಾಗಿ ‘ಹೊಳಲು’ ಆಯಿತು. ಹೊಸಹೊಳಲು ಎಂದರೆ ಹೊಸ ಪಟ್ಟಣ. ಪಟ್ಟದಕಲ್ಲಿನ ಹಿಂದಿನ ಹೆಸರಾದ ‘ಕಿಸುವೊಳಲ್’ನಲ್ಲಿಯೂ ಇದೇ ಪದವಿದೆ, ಅಲ್ಲಿ ಆದೇಶಸಂಧಿಯಿಂದ ಪಕಾರವು ವಕಾರವಾಗಿದೆ. ದಿನದ ಮಾತಿನಿಂದ ಮರೆಯಾದ ಪದವೊಂದು ಹೀಗೆ ಊರ ಹೆಸರಿನಲ್ಲಿ ಉಸಿರಾಡುತ್ತಿದೆ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೆಸರಿಗೆ ‘ಫ್ರಾಂಕ್ ಜನರು ಹೊಳೆ ಹಾಯುವ ಸ್ಥಳ’ ಎಂಬ ಅರ್ಥವನ್ನು ವಿದ್ವಾಂಸರು ಹೇಳುವಾಗಲೂ ಅವರಿಗೆ ಬೆಂಬಲವಾಗಿ 794ರ ಬರಹದಲ್ಲಿನ ರೂಪವಿದೆ.

ಹೆಸರನ್ನು ಬದಲಿಸಿದಾಗ ಈ ಸಾಕ್ಷಿಯೇ ಅಳಿಯುತ್ತದೆ. ಕೃಷ್ಣರಾಜಪೇಟೆಯು ಹಿಂದೆ ಅತ್ತಿಗುಪ್ಪೆಯಾಗಿತ್ತು. ಅತ್ತಿಯ ಮರವೂ, ‘ಕುಪ್ಪೆ’ಯ ಕಕಾರ ಗಕಾರವಾದ ಸಂಧಿಯೂ ಆ ಹೆಸರಿನೊಡನೆ ಮರೆಗೆ ಸರಿದವು. ಇಂದಿನ ಪಾಂಡವಪುರ ಒಮ್ಮೆ ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಆಂಗ್ಲರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್ ಆಯಿತು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಯಂತೆ ಬರೆಯಲು ತೊಡಗಿದ್ದು ಉಚಿತವೇ. ಆದರೆ ಆ ಕಾಳಜಿ ನಗರಗಳಿಗೆ ಮಾತ್ರ ಏಕೆ? ಹಳ್ಳಿಯ ಫಲಕದಲ್ಲಿ ಒಂದಕ್ಷರ ತಿದ್ದುವ ಮುನ್ನವೂ ಶಾಸನವನ್ನು, ಕಂದಾಯದ ಹಳೆಯ ಕಡತವನ್ನು ನೋಡಬೇಕು. ಊರ ಹಿರಿಯರ ಬಾಯಲ್ಲಿ ಹೆಸರು ಹೇಗೆ ಹೊರಡುತ್ತದೆಂದು ಕೇಳಬೇಕು. ಶೀಳನೆರೆಯ ‘ಶೀ’ಯನ್ನು ‘ಶ್ರೀ’ ಮಾಡಿ ಪುಣ್ಯ ಕಟ್ಟಿಕೊಳ್ಳುವ ಉತ್ಸಾಹಿಗಳು ಎಲ್ಲ ಕಾಲದಲ್ಲಿಯೂ ಇರುತ್ತಾರೆ.